ದಪ್ಪ ತುದಿ, ಸಪೂರ ತುದಿ: ರೇಡಿಯಂ-224ರ ಆಕಾರದ ಬಗ್ಗೆ ಒಂದಿಷ್ಟು

ಇವತ್ತಿನ ಮಾತಿಗೆ ಒಂದೇ ಒಂದು ನ್ಯೂಕ್ಲಿಯಸ್, ಅಂದರೆ ಪರಮಾಣುವಿನ ನಡುವಿನ ಬೀಜ, ಸಾಕು ಅಂದುಕೊಂಡು ಬಂದಿದ್ದೇನೆ. ಅದು ರೇಡಿಯಂ-224. ಒಳಗೆ 88 ಪ್ರೋಟಾನ್, 136 ನ್ಯೂಟ್ರಾನ್. ಅರ್ಧಾಯು ಮೂರೂವರೆ ದಿನದ ಮೇಲೆ ಸ್ವಲ್ಪ. ಇದು ಗುಂಡಗಿಲ್ಲ, ಮರಸೇಬಿನ ಹಾಗೆ ಒಂದು ತುದಿ ದಪ್ಪ, ಇನ್ನೊಂದು ತುದಿ ಸಪೂರ ಎಂದು ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ತಂಡವೊಂದು 2013ರ ಮೇ ತಿಂಗಳಲ್ಲಿ ಪ್ರಕಟಿಸಿತು.

ಇಂಥ ಸುದ್ದಿ ಓದಿದಾಗ, ಇದು ಯಾವುದೋ ದೊಡ್ಡ ಯಂತ್ರದ ಹೊಟ್ಟೆಯೊಳಗೆ ಮಾತ್ರ ಹುಟ್ಟುವ ವಸ್ತು ಅನ್ನಿಸುತ್ತೆ. ಹಾಗಲ್ಲ. ಥೋರಿಯಂ ಎಲ್ಲಿದೆಯೋ ಅಲ್ಲೆಲ್ಲ ಇದು ಇದ್ದೇ ಇದೆ. ಥೋರಿಯಂ-232 ಹಂತಹಂತವಾಗಿ ಕ್ಷಯಿಸುತ್ತಾ ಕೊನೆಗೆ ಸೀಸ-208 ಆಗುತ್ತದಲ್ಲ, ಆ ದಾರಿಯ ನಡುವಿನ ಒಂದು ನಿಲ್ದಾಣ ರೇಡಿಯಂ-224. ಕೇರಳದ ಚವರದ ಕಪ್ಪು ಮರಳಿನಲ್ಲಿದೆ. ನಮ್ಮ ಉಳ್ಳಾಲದ ಕಡಲ ತೀರದ ಮರಳಿನಲ್ಲೂ ಥೋರಿಯಂ ಇರುವ ಮಾನೊಜೈಟ್ ಖನಿಜ ಇರೋದರಿಂದ ಅಲ್ಲೂ ಇದೆ. ಕರೆಂಟು ಬರುವ ಮೊದಲು ಯಕ್ಷಗಾನದ ರಂಗಸ್ಥಳಕ್ಕೆ ಪೆಟ್ರೋಮ್ಯಾಕ್ಸ್ ತೂಗುಹಾಕುತ್ತಿದ್ದರು. ಅದರ ಹಳೆಯ ಕಾಲದ ಮ್ಯಾಂಟಲ್ ಎಂದರೆ ಬಹುಪಾಲು ಥೋರಿಯಂ ಆಕ್ಸೈಡ್. ಅಲ್ಲೂ ಇತ್ತು. ಎಷ್ಟು ಅಂತ ಒಂದು ಲೆಕ್ಕ ಹಾಕೋಣ. ಒಂದು ಗ್ರಾಂ ಥೋರಿಯಂ-232ರಲ್ಲಿ ಸೆಕೆಂಡಿಗೆ ಸುಮಾರು 4,000 ನ್ಯೂಕ್ಲಿಯಸ್ ಕ್ಷಯಿಸುತ್ತವೆ. ಯಾರೂ ಕೈಹಚ್ಚದ ಅದಿರಿನಲ್ಲಿ ಸರಪಣಿಯ ಪ್ರತಿ ಹಂತವೂ ಅದೇ ದರದಲ್ಲಿ ನಡೆಯುತ್ತೆ. ರೇಡಿಯಂ-224ರ ಸರಾಸರಿ ಆಯುಸ್ಸನ್ನು ಈ ದರದಿಂದ ಗುಣಿಸಿದರೆ, ಒಂದು ಗ್ರಾಂ ಥೋರಿಯಂ ಜೊತೆಗೆ ಯಾವುದೇ ಕ್ಷಣದಲ್ಲಿ ಸುಮಾರು 180 ಕೋಟಿ ರೇಡಿಯಂ-224 ನ್ಯೂಕ್ಲಿಯಸ್‌ಗಳು ಇರುತ್ತವೆ. ತೂಕ ಹಾಕಲು ಹೋದರೆ ಏನೂ ಇಲ್ಲ. ಎಣಿಸಲು ಹೋದರೆ ಭಾರತದ ಜನಸಂಖ್ಯೆಗಿಂತ ಜಾಸ್ತಿ.

ಹಾಗಾದರೆ ಇಷ್ಟು ಹತ್ತಿರ ಇರೋದರ ಆಕಾರ ತಿಳಿಯೋಕೆ 2013ರ ತನಕ ಯಾಕೆ ಕಾಯಬೇಕಾಯಿತು? ನೋಡೋಕೆ ಆಗೋದಿಲ್ಲ, ಅದಕ್ಕೆ. ನ್ಯೂಕ್ಲಿಯಸ್‌ನ ತ್ರಿಜ್ಯಕ್ಕೆ ಒಂದು ಸರಳ ಸೂತ್ರ ಇದೆ: ಒಳಗಿರುವ ಪ್ರೋಟಾನ್–ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆಯ ಘನಮೂಲ ತೆಗೆದು 1.2ರಿಂದ ಗುಣಿಸಿದರೆ ಫೆಮ್ಟೊಮೀಟರ್‌ನಲ್ಲಿ (ಮಿಲಿಮೀಟರಿನ ಲಕ್ಷ ಕೋಟಿಯಲ್ಲೊಂದು ಭಾಗ) ಉತ್ತರ ಬರುತ್ತೆ. 224ಕ್ಕೆ ಅದು ಸುಮಾರು 7.3. ಅಡ್ಡಗಲ ಹದಿನೈದರ ಹತ್ತಿರ. ಹಸಿರು ಬೆಳಕಿನ ಒಂದು ಅಲೆಯ ಉದ್ದ 50 ಕೋಟಿ ಫೆಮ್ಟೊಮೀಟರ್. ಇಂಥ ಬೆಳಕು ಇದರ ಆಕಾರ ತೋರಿಸುವ ಮಾತೇ ಇಲ್ಲ. ಎಲೆಕ್ಟ್ರಾನುಗಳನ್ನು ಹೊಡೆದು ಅವು ಚದುರುವ ರೀತಿಯಿಂದ ನ್ಯೂಕ್ಲಿಯಸ್‌ನ ಅಳತೆ ತೆಗೆಯಬಹುದು. ರಾಬರ್ಟ್ ಹಾಫ್‌ಸ್ಟಾಟರ್ 1950ರ ದಶಕದಲ್ಲಿ ಅದನ್ನು ಮಾಡಿ 1961ರಲ್ಲಿ ನೊಬೆಲ್ ಪಡೆದರು. ಆದರೆ ಅದಕ್ಕೆ ಕೈಯಲ್ಲಿ ಹಿಡಿಯುವಷ್ಟು ವಸ್ತು ಬೇಕು. ವಾರದಲ್ಲಿ ಕಾಲು ಭಾಗಕ್ಕೆ ಇಳಿಯುವ ರೇಡಿಯಂನಿಂದ ತಗಡು ಮಾಡಿ ಯಂತ್ರದೊಳಗೆ ಇಡಲಾದೀತೇ?

ಹಾಗಾಗಿ ನ್ಯೂಕ್ಲಿಯಸ್‌ನ ಆಕಾರ ಅಂದಾಗ ನಾವು ಮಾತಾಡುತ್ತಿರೋದು ಫೋಟೋದ ಬಗ್ಗೆ ಅಲ್ಲ. ಅದಕ್ಕೆ ಶಕ್ತಿ ಕೊಟ್ಟಾಗ ಅದು ಹೇಗೆ ವರ್ತಿಸುತ್ತೆ, ಆ ಶಕ್ತಿಯನ್ನು ಯಾವ ಕ್ರಮದಲ್ಲಿ ಹಿಂದಿರುಗಿಸುತ್ತೆ ಅನ್ನೋದರ ಬಗ್ಗೆ. ಪತ್ರಿಕೆಗಳಲ್ಲಿ ಬರುವ ಬಣ್ಣಬಣ್ಣದ ಮರಸೇಬಿನ ಚಿತ್ರಗಳೆಲ್ಲ ಲೆಕ್ಕದಿಂದ ಬರೆದವು. ಅದರಲ್ಲಿ ತಪ್ಪೇನಿಲ್ಲ, ಆದರೆ ಲೆಕ್ಕದ ಹಿಂದೆ ಏನಿದೆ ಅನ್ನೋದು ಚಿತ್ರಕ್ಕಿಂತ ಸ್ವಾರಸ್ಯವಾಗಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ನ್ಯೂಕ್ಲಿಯಸ್ ಗುಂಡಗಿಲ್ಲದೆಯೂ ಇರಬಹುದು ಅನ್ನೋ ಮೊದಲ ಸುಳಿವು 1935ರದು. ಜರ್ಮನಿಯಲ್ಲಿ ಷ್ಯೂಲರ್ ಮತ್ತು ಸ್ಮಿಟ್ ಎಂಬಿಬ್ಬರು ಯುರೋಪಿಯಂ ಧಾತುವಿನ ರೋಹಿತದ ಗೆರೆಗಳನ್ನು ಬಹಳ ಸೂಕ್ಷ್ಮವಾಗಿ ಅಳೆಯುತ್ತಿದ್ದರು. ಗೆರೆಗಳ ನಡುವಿನ ಅಂತರ ಸೂತ್ರಕ್ಕೆ ಸರಿಹೊಂದಲಿಲ್ಲ. ನ್ಯೂಕ್ಲಿಯಸ್‌ನ ವಿದ್ಯುದಾವೇಶ ಗೋಳದಂತೆ ಹರಡಿಲ್ಲ ಅಂದುಕೊಂಡರೆ ಮಾತ್ರ ಹೊಂದುತ್ತಿತ್ತು. ಮುಂದೆ ಹೀಗೇ ಹಲವು ಧಾತುಗಳ ಅಂಕಿಗಳು ಸೇರಿದವು. 1949ರಲ್ಲಿ ಮರಿಯಾ ಗೆಪರ್ಟ್ ಮೇಯರ್ ಮತ್ತು ಯೆನ್ಸೆನ್ ಕವಚ ಮಾದರಿಯನ್ನು ಮುಂದಿಟ್ಟು ಮ್ಯಾಜಿಕ್ ಸಂಖ್ಯೆಗಳನ್ನು, ಅಂದರೆ ಪ್ರೋಟಾನ್ ಅಥವಾ ನ್ಯೂಟ್ರಾನ್ ಕವಚ ಭರ್ತಿಯಾಗಿ ನ್ಯೂಕ್ಲಿಯಸ್ ವಿಶೇಷ ಸ್ಥಿರವಾಗುವ ಸಂಖ್ಯೆಗಳನ್ನು, ವಿವರಿಸಿದರು. ಆ ಮಾದರಿ ಎಲ್ಲವನ್ನೂ ಚೆನ್ನಾಗಿ ಹೇಳುತ್ತಿತ್ತು, ಈ ಗೋಳವಲ್ಲದ ಹಂಚಿಕೆಯೊಂದನ್ನು ಬಿಟ್ಟು. ಹೊರಗಿನ ಒಂದು ಪ್ರೋಟಾನ್‌ನಿಂದ ಎಷ್ಟು ವಕ್ರತೆ ಬರಬಹುದೋ ಅದರ ಹತ್ತಾರು ಪಟ್ಟು ಅಳತೆಯಲ್ಲಿ ಕಾಣುತ್ತಿತ್ತು.

ಅದೇ ವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಟೌನ್ಸ್ ಈ ಅಂಕಿಗಳ ಬಗ್ಗೆ ಒಂದು ಸೆಮಿನಾರ್ ಕೊಟ್ಟರು. ಮುಂದೆ ಮೇಸರ್‌ಗೆ ನೊಬೆಲ್ ಪಡೆದ ಟೌನ್ಸ್ ಅವರೇ. ಕೇಳುತ್ತಾ ಕೂತಿದ್ದ ಜೇಮ್ಸ್ ರೇನ್‌ವಾಟರ್‌ಗೆ ಹೊಳೆಯಿತು: ಹೊರಗೆ ಸುತ್ತುವ ಕಣ ಒಳಗಿನ ಗೋಳವನ್ನು ಒತ್ತಿ ಎಳೆಯುತ್ತದಲ್ಲ? ಒಳಗಿರೋದು ಗಟ್ಟಿ ಗುಂಡು ಅಂತ ಯಾಕೆ ಭಾವಿಸಬೇಕು? ಒಂದೇ ಕಣ ಇಡೀ ಗುಂಪಿನ ಆಕಾರವನ್ನು ಬದಲಿಸಬಹುದು. ಆಗ ರೇನ್‌ವಾಟರ್ ಜೊತೆ ಒಂದೇ ಕೋಣೆಯಲ್ಲಿ ಕೂರುತ್ತಿದ್ದವರು ಡೆನ್ಮಾರ್ಕಿನಿಂದ ಬಂದಿದ್ದ ಆಗೆ ಬೋರ್, ನೀಲ್ಸ್ ಬೋರ್ ಮಗ. ಅವರು ಕೋಪನ್‌ಹೇಗನ್‌ಗೆ ಮರಳಿ ಬೆನ್ ಮಾಟೆಲ್ಸನ್ ಜೊತೆ ಇದನ್ನು ಪೂರ್ತಿ ಸಿದ್ಧಾಂತವಾಗಿ ಬೆಳೆಸಿದರು. 1975ರ ನೊಬೆಲ್ ಈ ಮೂವರಿಗೆ. ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು: ಸೆಮಿನಾರಿನಲ್ಲಿ ಹಿಂದಿನ ಸಾಲಿನಲ್ಲಿ ಕೂತರೂ ಪರವಾಗಿಲ್ಲ, ಫೋನ್ ಮಾತ್ರ ಒಳಗಿಡಿ.

ಈ ಮೂವರು ಹೇಳಿದ ವಕ್ರ ನ್ಯೂಕ್ಲಿಯಸ್‌ಗಳಲ್ಲಿ ಹೆಚ್ಚಿನವು ಒಂದು ದಿಕ್ಕಿಗೆ ಎಳೆದು ಉದ್ದ ಮಾಡಿದ ಗೋಳಗಳು. ಎರಡೂ ತುದಿ ಒಂದೇ ಥರ. ನಡುವೆ ಕನ್ನಡಿ ಇಟ್ಟರೆ ಅರ್ಧ ಇನ್ನರ್ಧದ ಬಿಂಬ. ಮರಸೇಬಿನಲ್ಲಿ ಹೋಗೋದು ಈ ಸಮಮಿತಿಯೇ.

ಇದು ಗೊತ್ತಾಗೋದು ತಿರುಗುವಿಕೆಯಿಂದ. ಪರಿಪೂರ್ಣ ಗೋಳವನ್ನು ತಿರುಗಿಸಿದರೆ ಏನೂ ಬದಲಾಗೋದಿಲ್ಲ. ಬದಲಾಗದ ಮೇಲೆ ಕ್ವಾಂಟಂ ಲೋಕದಲ್ಲಿ ಅದು ತಿರುಗಿದೆ ಅನ್ನೋ ಮಾತಿಗೇ ಅರ್ಥ ಇಲ್ಲ. ಉದ್ದ ಗೋಳ ತಿರುಗಬಲ್ಲದು. ಆದರೆ ಅರ್ಧ ಸುತ್ತು ತಿರುಗಿಸಿದರೆ ಮೊದಲಿದ್ದಂತೆಯೇ ಆಗುತ್ತೆ. ಈ ಕಾರಣಕ್ಕೆ ಅದರ ಶಕ್ತಿಮಟ್ಟಗಳ ಏಣಿಯಲ್ಲಿ (ಸ್ಪಿನ್ ಅಂದರೆ ತಿರುಗುವಿಕೆಯ ಅಳತೆ) 0, 2, 4, 6 ಎಂಬ ಸಮ ಸ್ಪಿನ್‌ಗಳು ಮಾತ್ರ ಬರುತ್ತವೆ. ಮರಸೇಬನ್ನು ಅರ್ಧ ಸುತ್ತು ತಿರುಗಿಸಿ ನೋಡಿ: ದಪ್ಪ ತುದಿ ಇದ್ದ ಕಡೆ ಸಪೂರ ತುದಿ. ಈಗ 1, 3, 5 ಕೂಡ ಏಣಿಗೆ ಸೇರುತ್ತವೆ, ಮತ್ತು ಅವುಗಳ ಪ್ಯಾರಿಟಿ, ಅಂದರೆ ಕನ್ನಡಿಯಲ್ಲಿ ಹಿಡಿದಾಗ ಸಿಗುವ ಚಿಹ್ನೆ, ಋಣ ಆಗಿರುತ್ತೆ. ರೇಡಿಯಂ-224ರಲ್ಲಿ ಸ್ಪಿನ್ 2ರ ಮಟ್ಟ, ನ್ಯೂಕ್ಲಿಯಸ್ ಲೋಕದ ಶಕ್ತಿಯ ಅಳತೆಯಲ್ಲಿ, 84 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿದೆ, ಸ್ಪಿನ್ 4ರದು 251ರಲ್ಲಿ. ಈ ನಡುವೆ 216ರಲ್ಲಿ ಋಣ ಪ್ಯಾರಿಟಿಯ ಸ್ಪಿನ್ 1, ಆಮೇಲೆ 290ರಲ್ಲಿ ಸ್ಪಿನ್ 3. ಮೇಲಕ್ಕೆ ಹೋದಂತೆ ಎರಡು ಏಣಿಗಳೂ ಒಂದರೊಳಗೊಂದು ಹೆಣೆದುಕೊಂಡು ಒಂದೇ ಏಣಿಯಂತೆ ಕಾಣುತ್ತವೆ.

ಈ ಕೆಳಮಟ್ಟದ ಋಣ ಪ್ಯಾರಿಟಿಯನ್ನು ಮೊದಲು ಕಂಡವರು 1950ರ ದಶಕದಲ್ಲಿ ಬರ್ಕ್ಲಿಯಲ್ಲಿ ಆಲ್ಫಾ ಕ್ಷಯ ಅಳೆಯುತ್ತಿದ್ದ ಅಸಾರೊ, ಸ್ಟೀಫನ್ಸ್ ಮತ್ತು ಪರ್ಲ್‌ಮನ್. ಫ್ರಾಂಕ್ ಅಸಾರೊ ಹೆಸರನ್ನು ನೀವು ಬೇರೆ ಕಡೆ ಕೇಳಿರಬಹುದು. ಡೈನೋಸಾರ್ ಕಾಲ ಮುಗಿದ ಮಣ್ಣಿನ ಪದರದಲ್ಲಿ ಇರಿಡಿಯಂ ಅತಿಯಾಗಿದೆ, ಕ್ಷುದ್ರಗ್ರಹ ಬಡಿದಿರಬೇಕು ಅಂತ 1980ರಲ್ಲಿ ಆಲ್ವರೆಜ್ ತಂದೆ–ಮಗ ಪ್ರಕಟಿಸಿದರಲ್ಲ, ಆ ಇರಿಡಿಯಂ ಅಳೆದವರಲ್ಲಿ ಒಬ್ಬರು ಇದೇ ಅಸಾರೊ. ವಿಷಯ ಬಿಟ್ಟು ಹೋಗ್ತಿದ್ದೇನೆ, ಗೊತ್ತು. ಆದರೆ ಗಾಮಾ ಕಿರಣವನ್ನು ಸರಿಯಾಗಿ ಅಳೆಯಲು ಬಲ್ಲವನಿಗೆ ಯಾವ ಬಾಗಿಲು ಬೇಕಾದರೂ ತೆರೆಯಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಏಣಿ ಹೆಣೆದುಕೊಂಡ ಮಾತ್ರಕ್ಕೆ ಮರಸೇಬು ಸಾಬೀತಾಯಿತೇ? ಇಲ್ಲ. ಗುಂಡಗಿರುವ ನ್ಯೂಕ್ಲಿಯಸ್ ಕೂಡ ಈ ಬದಿಗೊಮ್ಮೆ ಆ ಬದಿಗೊಮ್ಮೆ ಮರಸೇಬಿನಂತೆ ಉಬ್ಬಿ ಕಂಪಿಸಬಹುದು. ಸೀಸ-208 ತಗೊಳ್ಳಿ. ಪ್ರೋಟಾನ್ 82, ನ್ಯೂಟ್ರಾನ್ 126, ಎರಡೂ ಮ್ಯಾಜಿಕ್ ಸಂಖ್ಯೆ, ಗುಂಡನೆಯ ನ್ಯೂಕ್ಲಿಯಸ್‌ಗಳಲ್ಲಿ ಅಗ್ರಗಣ್ಯ. ಆದರೂ ಅದರ ಮೊದಲ ಉದ್ರಿಕ್ತ ಮಟ್ಟ ಋಣ ಪ್ಯಾರಿಟಿಯ ಸ್ಪಿನ್ 3. ಅದು ಈ ಮರಸೇಬು ಕಂಪನವೇ. ಅಲ್ಲಿಂದ ಇಳಿಯುವಾಗ ಹೊರಡುವ 2,614 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಗಾಮಾ ಕಿರಣ, ಮಣ್ಣು ಮರಳಿನ ವಿಕಿರಣ ಅಳೆಯುವ ಪ್ರತಿಯೊಬ್ಬರಿಗೂ ಪರಿಚಿತ. ಥೋರಿಯಂ ಇದೆ ಅನ್ನೋದಕ್ಕೆ ರೋಹಿತದ ಬಲತುದಿಯಲ್ಲಿ ಒಂಟಿಯಾಗಿ ನಿಂತಿರುವ ಗುರುತು ಅದು. ಹಾಗಾಗಿ ಕೇಳಬೇಕಾದ ಪ್ರಶ್ನೆ: ರೇಡಿಯಂ-224 ಖಾಯಂ ಆಗಿ ಮರಸೇಬೋ, ಅಥವಾ ಆಗಾಗ ಹಾಗೆ ಉಬ್ಬುತ್ತದೋ?

ಹಲಸಿನ ಹಣ್ಣು ಮಾಗಿದೆಯೋ ಇಲ್ಲವೋ ಅಂತ ನಾವು ತಟ್ಟಿ ಸದ್ದು ಕೇಳುತ್ತೇವಲ್ಲ, ಇಲ್ಲೂ ಹಾಗೆಯೇ ತಟ್ಟಬೇಕು. ಆದರೆ ಮುಟ್ಟಬಾರದು. ಎರಡು ನ್ಯೂಕ್ಲಿಯಸ್‌ಗಳು ಮುಟ್ಟಿದರೆ ಬೈಜಿಕ ಬಲ ನಡುವೆ ಬಂದು ಲೆಕ್ಕವೆಲ್ಲ ಕೆಡುತ್ತೆ. ಒಂದರ ಪಕ್ಕದಲ್ಲಿ ಇನ್ನೊಂದು ಹಾದುಹೋಗಬೇಕು, ವಿದ್ಯುತ್ ಕ್ಷೇತ್ರ ಮಾತ್ರ ಎಳೆದಾಡಬೇಕು. ವಿದ್ಯುತ್ ಬಲದ ನಿಯಮ ನಮಗೆ ಪೂರ್ತಿ ಗೊತ್ತು. ಆದ್ದರಿಂದ ಎಷ್ಟು ಸಲ ಯಾವ ಮಟ್ಟಕ್ಕೆ ಏರಿತು ಅಂತ ಎಣಿಸಿದರೆ ಆಕಾರವನ್ನು ಹಿಂದಕ್ಕೆ ಲೆಕ್ಕ ಹಾಕಬಹುದು. ಸರ್ನ್‌ನ ಐಸೋಲ್ಡ್ ಎಂಬ ವಿಭಾಗದಲ್ಲಿ ಪ್ರೋಟಾನ್‌ಗಳನ್ನು ಯುರೇನಿಯಂ ಕಾರ್ಬೈಡ್ ಮೇಲೆ ಹೊಡೆದರು. ಚೂರಾದ ನ್ಯೂಕ್ಲಿಯಸ್‌ಗಳ ರಾಶಿಯಿಂದ ರೇಡಿಯಂ-224ನ್ನು ಬೇರ್ಪಡಿಸಿ, ಬೆಳಕಿನ ವೇಗದ ಸುಮಾರು ಶೇ. 8ಕ್ಕೆ ಏರಿಸಿ, ನಿಕ್ಕಲ್, ಕ್ಯಾಡ್ಮಿಯಂ ಮತ್ತು ತವರದ ತೆಳು ತಗಡುಗಳ ಮೂಲಕ ಹಾಯಿಸಿದರು. ಹೊರಬಂದ ಗಾಮಾ ಕಿರಣಗಳನ್ನು ಮಿನಿಬಾಲ್ ಎಂಬ ಜರ್ಮೇನಿಯಂ ಪತ್ತೆಕಾರಕಗಳ ಸಾಲು ಹಿಡಿಯಿತು. ತಂಡದ ಮುಂದಾಳು ಲಿವರ್‌ಪೂಲ್ ವಿಶ್ವವಿದ್ಯಾಲಯದ ಪೀಟರ್ ಬಟ್ಲರ್.

ಒಂದೇ ಪ್ರೋಟಾನ್ ಮಟ್ಟದಿಂದ ಮಟ್ಟಕ್ಕೆ ಜಿಗಿದಿದ್ದರೆ ಎಷ್ಟು ಬಲ ಸಿಗುತ್ತಿತ್ತೋ ಅದರ ಸುಮಾರು 40 ಪಟ್ಟು ಬಲ ಮರಸೇಬು ಬಗೆಯ ಜಿಗಿತದಲ್ಲಿ ಸಿಕ್ಕಿತು. ಅಂದರೆ ಇಡೀ ನ್ಯೂಕ್ಲಿಯಸ್ ಒಟ್ಟಾಗಿ ಆ ಆಕಾರದಲ್ಲಿದೆ. ಅದೇ ಪ್ರಯೋಗದಲ್ಲಿ ರೇಡಾನ್-220ನ್ನೂ ಅಳೆದರು. ಅದರ ಬಲ ಸ್ವಲ್ಪ ಕಡಿಮೆ. ಶಕ್ತಿಮಟ್ಟಗಳ ಜೋಡಣೆಯನ್ನೂ ಸೇರಿಸಿ ನೋಡಿದಾಗ ಅದು ಖಾಯಂ ಮರಸೇಬಲ್ಲ, ಕಂಪಿಸುವಂಥದ್ದು ಅನ್ನೋ ತೀರ್ಮಾನಕ್ಕೆ ಬಂದರು. ಇದು ನನಗೆ ಬಹಳ ಇಷ್ಟವಾದ ಭಾಗ. ಯಾಕೆಂದರೆ ರೇಡಿಯಂ-224 ಆಲ್ಫಾ ಕಣ ಉಗುಳಿದಾಗ ಆಗೋದು ರೇಡಾನ್-220ಯೇ. ಉಳ್ಳಾಲದ ಮರಳಿನಲ್ಲಿ ಈ ಕ್ಷಣವೂ ನಡೆಯುತ್ತಿದೆ: ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಹೊರಗೆ ಹೋದವು ಅಂದರೆ ಖಾಯಂ ಆಕಾರವೂ ಹೋಯಿತು.

ಸುದ್ದಿಮನೆಗಳು ಇದನ್ನು ಮೊಟ್ಟಮೊದಲ ಮರಸೇಬು ಅಂತ ಬರೆದದ್ದುಂಟು. ಅದು ಪೂರ್ತಿ ನ್ಯಾಯವಲ್ಲ. 1,600 ವರ್ಷ ಅರ್ಧಾಯುವಿನ ರೇಡಿಯಂ-226, ಅಂದರೆ ಮೇರಿ ಕ್ಯೂರಿಯ ರೇಡಿಯಂ, ಅದರ ಮೇಲೆ 1990ರ ದಶಕದಲ್ಲೇ ಇಂಥ ಅಳತೆ ಆಗಿತ್ತು. ಹೊಸದಾಗಿ ಬಂದದ್ದು ಅಲ್ಪಾಯು ನ್ಯೂಕ್ಲಿಯಸ್‌ಗಳನ್ನೇ ಕಿರಣಪುಂಜ ಮಾಡಿ ಅಳೆಯುವ ಸಾಮರ್ಥ್ಯ. ಇನ್ನು 2016ರಲ್ಲಿ ಬೇರಿಯಂ-144 ಕೂಡ ಮರಸೇಬು ಎಂಬ ಫಲಿತಾಂಶ ಬಂದಾಗ ಕಾಲಯಾನ ಅಸಾಧ್ಯ ಎಂದು ಸಾಬೀತಾಯಿತು ಅಂತೆಲ್ಲ ಶೀರ್ಷಿಕೆಗಳು ಬಂದವು. ಆ ಲೇಖನದಲ್ಲಿ ಅಂಥದ್ದೇನೂ ಇಲ್ಲ, ನಿಶ್ಚಿಂತರಾಗಿರಿ.

ಇಷ್ಟು ಕೇಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತೆ: ದಪ್ಪ ತುದಿ ಯಾವ ಕಡೆಗಿದೆ? ಯಾವ ಕಡೆಗೂ ಇಲ್ಲ. ರೇಡಿಯಂ-224ರ ಮೂಲಸ್ಥಿತಿಯ ಸ್ಪಿನ್ ಸೊನ್ನೆ. ಪ್ರಯೋಗಾಲಯದಲ್ಲಿ ನಿಂತು ನೋಡುವವರಿಗೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಮುಖ ಮಾಡಿರುತ್ತೆ, ದಪ್ಪ ತುದಿ ಮೇಲಿರುವುದೂ ಕೆಳಗಿರುವುದೂ ಒಟ್ಟಿಗೇ ಬೆರೆತಿರುತ್ತೆ. ಅಮೋನಿಯಾ ಅಣುವಿನಲ್ಲಿ ಸಾರಜನಕ ಮೂರು ಜಲಜನಕಗಳ ಆಚೆಗೂ ಈಚೆಗೂ ಇರುವ ಸ್ಥಿತಿಗಳು ಬೆರೆಯುತ್ತವಲ್ಲ, ಅದೇ ಗಣಿತ. ಮರಸೇಬು ಇರೋದು ನ್ಯೂಕ್ಲಿಯಸ್‌ನ ಜೊತೆಗೇ ತಿರುಗುವ ಚೌಕಟ್ಟಿನಲ್ಲಿ. ಹಾಗಾದರೆ ಅದು ನಿಜವೋ ಕಲ್ಪನೆಯೋ ಅಂತ ಕೇಳಿದರೆ, 40 ಪಟ್ಟು ಬಲ ನಿಜ ಅನ್ನೋದು ನನ್ನ ಉತ್ತರ.

ಯಾಕೆ ಕೆಲವು ನ್ಯೂಕ್ಲಿಯಸ್‌ಗಳಿಗೆ ಮಾತ್ರ ಹೀಗಾಗುತ್ತೆ? ಮೇಲಿನ ಕವಚದಲ್ಲಿ ಕೋನೀಯ ಸಂವೇಗ ಸರಿಯಾಗಿ ಮೂರು ಘಟಕ ಅಂತರವಿರುವ ಎರಡು ಕಕ್ಷೆಗಳು ಶಕ್ತಿಯಲ್ಲಿ ಹತ್ತಿರ ಬಂದಾಗ ಅವು ಬೆರೆತು ಒಂದು ತುದಿಯನ್ನು ಉಬ್ಬಿಸುತ್ತವೆ. ಅದು ನಡೆಯೋದು ಪ್ರೋಟಾನ್ ಅಥವಾ ನ್ಯೂಟ್ರಾನ್ ಸಂಖ್ಯೆ 34, 56, 88, 134ರ ಆಸುಪಾಸಿನಲ್ಲಿ. ರೇಡಿಯಂನ 88 ಇಲ್ಲಿದೆ, 136 ಕೂಡ 134ರ ಪಕ್ಕದಲ್ಲೇ. ಬೇರಿಯಂ-144 ನೋಡಿ: 56 ಪ್ರೋಟಾನ್, 88 ನ್ಯೂಟ್ರಾನ್. ಎರಡೂ ಪಟ್ಟಿಯಲ್ಲಿವೆ. ಅರ್ಧಾಯು ಹನ್ನೊಂದೂವರೆ ಸೆಕೆಂಡು. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಕ್ಯಾಲಿಫೋರ್ನಿಯಂ-252 ತಾನಾಗಿ ಒಡೆದಾಗ ಬರುವ ತುಂಡುಗಳಿಂದ ಅದನ್ನು ಹೆಕ್ಕಿ, 2016ರಲ್ಲಿ ಅಳೆದರು. ನಮ್ಮಲ್ಲೂ ಗಾಮಾ ಪತ್ತೆಕಾರಕಗಳ ರಾಷ್ಟ್ರೀಯ ಬಳಗವೊಂದು ಮುಂಬೈ, ದೆಹಲಿ, ಕೋಲ್ಕತ್ತದ ವೇಗವರ್ಧಕಗಳ ನಡುವೆ ಸರದಿ ಪ್ರಕಾರ ಸುತ್ತುತ್ತಿರುತ್ತೆ. ಎಂಎಸ್ಸಿ ಮುಗಿಸಿ ಈ ಕ್ಷೇತ್ರಕ್ಕೆ ಬರಬೇಕೆನ್ನುವವರು ಅದರ ಕೆಲಸಗಳನ್ನು ಹುಡುಕಿ ಓದಿ.

ಬೇರಿಯಂ ಅಂದಾಗ 1938ರ ಡಿಸೆಂಬರ್ ನೆನಪಾಗಬೇಕು. ಯುರೇನಿಯಂಗೆ ನ್ಯೂಟ್ರಾನ್ ಹೊಡೆದ ಆಟೋ ಹಾನ್ ಮತ್ತು ಸ್ಟ್ರಾಸ್‌ಮನ್‌ಗೆ ಕಂಡದ್ದು ಬೇರಿಯಂ. ನ್ಯೂಕ್ಲಿಯಸ್ ಒಡೆಯುತ್ತೆ ಅಂತ ಜಗತ್ತಿಗೆ ಗೊತ್ತಾದದ್ದು ಹಾಗೆ. ಮರುವರ್ಷ ನೀಲ್ಸ್ ಬೋರ್ ಮತ್ತು ವೀಲರ್ ನ್ಯೂಕ್ಲಿಯಸ್ ಒಂದು ದ್ರವದ ಹನಿ ಅಂತ ಲೆಕ್ಕ ಹಾಕಿದರು. ಆದರೆ ಹನಿ ಸಮಪಾಲಾಗಿ ಒಡೆಯಬೇಕು, ಯುರೇನಿಯಂ ಹಾಗೆ ಒಡೆಯೋದಿಲ್ಲ. ಪ್ರೋಟಾನ್, ನ್ಯೂಟ್ರಾನ್ ಒಟ್ಟು ಲೆಕ್ಕದಲ್ಲಿ ಒಂದು ತುಂಡು 140ರ ಹತ್ತಿರ, ಇನ್ನೊಂದು 95ರ ಹತ್ತಿರ. ತವರ-132ರಲ್ಲಿ 50 ಪ್ರೋಟಾನ್, 82 ನ್ಯೂಟ್ರಾನ್, ಎರಡೂ ಮ್ಯಾಜಿಕ್, ಆದ್ದರಿಂದ ದೊಡ್ಡ ತುಂಡು ಅದರತ್ತ ವಾಲುತ್ತೆ ಅನ್ನೋ ಉತ್ತರ ಬಹುಕಾಲ ಚಲಾವಣೆಯಲ್ಲಿತ್ತು. ತೊಂದರೆ ಏನೆಂದರೆ, ಅಳೆದಾಗ ದೊಡ್ಡ ತುಂಡಿನಲ್ಲಿ ಪ್ರೋಟಾನ್ ಸರಾಸರಿ 50 ಇರೋದಿಲ್ಲ, 54ರ ಹತ್ತಿರ ಇರುತ್ತೆ. 2018ರಲ್ಲಿ ಗಿಯೋಮ್ ಸ್ಕ್ಯಾಂಪ್ಸ್ ಮತ್ತು ಸೆಡ್ರಿಕ್ ಸಿಮೆನೆಲ್ ಇದಕ್ಕೆ ಕೊಟ್ಟ ವಿವರಣೆ ಹೀಗೆ: ಒಡೆಯುವ ಮುನ್ನ ಎರಡು ತುಂಡುಗಳ ನಡುವೆ ಒಂದು ಕುತ್ತಿಗೆ ಇರುತ್ತೆ. ಕುತ್ತಿಗೆಯ ಕಡೆ ಪ್ರತಿ ತುಂಡೂ ಸಪೂರವಾಗಲೇಬೇಕು, ಅಂದರೆ ಮರಸೇಬಾಗಬೇಕು. ಗುಂಡಗಿರಲು ಹಟ ಹಿಡಿಯುವ ತವರ-132ಕ್ಕೆ ಅದು ದುಬಾರಿ. ಪ್ರೋಟಾನ್ ಸಂಖ್ಯೆ 52ರಿಂದ 56ರ ನ್ಯೂಕ್ಲಿಯಸ್‌ಗಳಿಗೆ ಅದು ಸಲೀಸು, ಆ ಆಕಾರ ಅವುಗಳಿಗೆ ಒಗ್ಗುತ್ತೆ. ಹಾನ್‌ಗೆ ಬೇರಿಯಂ ಸಿಕ್ಕಿದ್ದರ ಹಿಂದೆ ಇದೇ ಇದೆ ಅನ್ನೋದು ಲೆಕ್ಕಗಳ ಮಾತು. ನನಗೆ ಇದು ಒಪ್ಪಿಗೆಯಾಗುತ್ತೆ, ಆದರೆ ವಿದಳನದ ವಿಷಯದಲ್ಲಿ ಕೊನೆಯ ಮಾತು ಅಂತ ಯಾರೂ ಹೇಳಬಾರದು.

ಇನ್ನು ಇಷ್ಟೆಲ್ಲ ಹಣ ಖರ್ಚು ಮಾಡಿ ಆಕಾರ ಅಳೆಯೋದಕ್ಕೆ ಇನ್ನೊಂದು ಕಾರಣ. ಮಹಾಸ್ಫೋಟದಲ್ಲಿ ದ್ರವ್ಯ, ಪ್ರತಿದ್ರವ್ಯ ಸಮನಾಗಿ ಹುಟ್ಟಿದ್ದರೆ ಇವತ್ತು ಎರಡೂ ಉಳಿಯಬಾರದಿತ್ತು. ದ್ರವ್ಯ ಉಳಿಯಬೇಕಾದರೆ ಪ್ರಕೃತಿಯ ನಿಯಮಗಳಲ್ಲೇ ಪಕ್ಷಪಾತ ಇರಬೇಕು ಅಂತ 1967ರಲ್ಲಿ ಸಖರೋವ್ ತೋರಿಸಿದರು. ಈಗ ಗೊತ್ತಿರುವ ಪಕ್ಷಪಾತ ಸಾಲದು. ಹೊಸದನ್ನು ಹುಡುಕಲು ಒಂದು ದಾರಿ, ಪರಮಾಣುವಿಗೆ ಅದರ ಸ್ಪಿನ್ ದಿಕ್ಕಿನಲ್ಲಿ ವಿದ್ಯುತ್ ದ್ವಿಧ್ರುವ, ಅಂದರೆ ಧನ, ಋಣ ಆವೇಶಗಳು ಎರಡು ಬದಿಗೆ ಸರಿದ ಸ್ಥಿತಿ, ಇದೆಯೇ ಅಂತ ನೋಡೋದು. ಕಾಲವನ್ನು ಹಿಂದಕ್ಕೆ ಓಡಿಸಿದರೆ ಸ್ಪಿನ್ ತಿರುಗುಮುರುಗಾಗುತ್ತೆ, ಧನ–ಋಣ ಆವೇಶಗಳ ಜಾಗ ಬದಲಾಗೋದಿಲ್ಲ. ಹಾಗಾಗಿ ಇಂಥ ದ್ವಿಧ್ರುವ ಸಿಕ್ಕರೆ ನಿಯಮಗಳು ಕಾಲದ ದಿಕ್ಕಿಗೆ ಪಕ್ಷಪಾತ ಮಾಡುತ್ತವೆ ಅಂತಲೇ ಅರ್ಥ. ಮರಸೇಬು ಇಲ್ಲಿ ಸಣ್ಣ ಪರಿಣಾಮವನ್ನು ಹಿಗ್ಗಿಸಿ ಕೊಡುತ್ತೆ. ರೇಡಿಯಂ-225ರ ಮೂಲಸ್ಥಿತಿಯ ಮೇಲೆ ಬರೀ 55 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಅಂತರದಲ್ಲಿ ವಿರುದ್ಧ ಪ್ಯಾರಿಟಿಯ ಜೊತೆಗಾರ ಇದೆ. ಎಷ್ಟು ಹತ್ತಿರವೋ ಅಷ್ಟು ಸುಲಭವಾಗಿ ಎರಡೂ ಬೆರೆಯುತ್ತವೆ. ಗುಂಡನೆಯ ಪಾದರಸ-199ಕ್ಕೆ ಹೋಲಿಸಿದರೆ ನೂರರಿಂದ ಸಾವಿರ ಪಟ್ಟು ಹೆಚ್ಚು ಪರಿಣಾಮ ಕಾಣಬಹುದು.

ಆರ್ಗಾನ್ ಪ್ರಯೋಗಾಲಯದಲ್ಲಿ ಲೇಸರ್ ಬಲೆಯಲ್ಲಿ ರೇಡಿಯಂ-225 ಪರಮಾಣುಗಳನ್ನು ಹಿಡಿದು 2015ರಲ್ಲಿ ಮೊದಲ ಅಳತೆ ಮಾಡಿದರು; 2016ರಲ್ಲಿ ಅದನ್ನು 36 ಪಟ್ಟು ಸುಧಾರಿಸಿದರು. ದ್ವಿಧ್ರುವ ಕಾಣಲಿಲ್ಲ. ಮುಚ್ಚುಮರೆ ಯಾಕೆ, ಸಿಯಾಟಲ್‌ನಲ್ಲಿ ಪಾದರಸದ ಮೇಲೆ ಮಾಡಿದ ಅಳತೆ ಇದಕ್ಕಿಂತ ಸುಮಾರು 20 ಲಕ್ಷ ಪಟ್ಟು ಸೂಕ್ಷ್ಮ. ಸಾವಿರ ಪಟ್ಟಿನ ಅನುಕೂಲ ಇದ್ದರೂ ರೇಡಿಯಂ ಇನ್ನೂ ಬಹುದೂರ ಓಡಬೇಕು. ರೇಡಾನ್‌ನಲ್ಲಿ ಇದೇ ಪ್ರಯೋಗ ಮಾಡುವ ಯೋಚನೆಯೂ ಇತ್ತು. 2019ರಲ್ಲಿ ಬಟ್ಲರ್ ತಂಡ ರೇಡಾನ್-224, ರೇಡಾನ್-226 ಎರಡೂ ಬರೀ ಕಂಪಿಸುವಂಥವು ಎಂದು ತೋರಿಸಿದ ಮೇಲೆ ಆ ಆಸೆ ಬಹುಮಟ್ಟಿಗೆ ಕೈಬಿಟ್ಟಿತು. ಇಲ್ಲ ಅನ್ನುವ ಉತ್ತರವೂ ಎಷ್ಟು ಜನರ ಎಷ್ಟು ವರ್ಷ ಉಳಿಸುತ್ತೆ ನೋಡಿ. ಈಗ ಗಮನ ರೇಡಿಯಂ ಮತ್ತು ಫ್ಲೋರೀನ್ ಸೇರಿದ ಅಣುವಿನತ್ತ ತಿರುಗಿದೆ. ಅಣುವಿನೊಳಗಿನ ವಿದ್ಯುತ್ ಕ್ಷೇತ್ರ ನಾವು ಹೊರಗಿನಿಂದ ಹಾಕಬಲ್ಲದ್ದಕ್ಕಿಂತ ಎಷ್ಟೋ ಪಟ್ಟು ಪ್ರಬಲ. ಆ ಅಣುವಿನ ರೋಹಿತವನ್ನು ಐಸೋಲ್ಡ್‌ನಲ್ಲೇ ಮೊದಲ ಬಾರಿ ಅಳೆದು 2020ರಲ್ಲಿ ಪ್ರಕಟಿಸಿದರು.

ಈ ರೇಡಿಯಂ-225 ಬರೋದು ಎಲ್ಲಿಂದ? ಇದರ ಅರ್ಧಾಯು ಹದಿನೈದು ದಿನ. ಥೋರಿಯಂ-229 ಕ್ಷಯಿಸಿದಾಗ ಇದು ಹುಟ್ಟುತ್ತೆ, ಆ ಥೋರಿಯಂ-229 ಹಳೆಯ ಯುರೇನಿಯಂ-233ರಿಂದ ಬರುತ್ತೆ. ಆರ್ಗಾನ್‌ಗೆ ಓಕ್ ರಿಡ್ಜ್ ಪ್ರಯೋಗಾಲಯ ಒದಗಿಸಿದ್ದು ಹೀಗೆ ತೆಗೆದದ್ದನ್ನು. ಕಲ್ಪಾಕ್ಕಂನ ಕಾಮಿನಿ ರಿಯಾಕ್ಟರಿನ ಇಂಧನವೂ ಯುರೇನಿಯಂ-233, ನಮ್ಮ ಥೋರಿಯಂನಿಂದಲೇ ಮಾಡಿದ್ದು. ಅದರೊಳಗೂ ಅತ್ಯಲ್ಪ ಪ್ರಮಾಣದಲ್ಲಿ ರೇಡಿಯಂ-225 ಹುಟ್ಟುತ್ತಲೇ ಇರುತ್ತೆ. ಜಗತ್ತಿನಲ್ಲಿರುವ ಥೋರಿಯಂ-229 ಬಹಳ ಕಡಿಮೆ, ಮತ್ತು ಅದಕ್ಕೆ ಇನ್ನೊಬ್ಬರು ಗಿರಾಕಿ ಇದ್ದಾರೆ. ರೇಡಿಯಂ-225 ಕ್ಷಯಿಸಿ ಆಕ್ಟಿನಿಯಂ-225 ಆಗುತ್ತೆ, ಕ್ಯಾನ್ಸರ್ ಕೋಶಗಳನ್ನೇ ಹುಡುಕಿ ಆಲ್ಫಾ ಕಣದಿಂದ ಹೊಡೆಯುವ ಔಷಧಿಗಳಿಗೆ ಅದು ಬೇಕು. ಒಂದೇ ಹಾಲನ್ನು ಆಸ್ಪತ್ರೆಗೂ ಭೌತಶಾಸ್ತ್ರಕ್ಕೂ ಹಂಚಬೇಕಾದರೆ ಯಾರಿಗೆ ಮೊದಲು ಅನ್ನೋದರಲ್ಲಿ ನನಗೆ ಸಂಶಯವಿಲ್ಲ. ಅದಕ್ಕೇ ಮಿಷಿಗನ್‌ನಲ್ಲಿ 2022ರಲ್ಲಿ ಶುರುವಾದ ಹೊಸ ವೇಗವರ್ಧಕದಲ್ಲಿ, ಕಿರಣಪುಂಜವನ್ನು ತಡೆದು ನಿಲ್ಲಿಸುವ ನೀರಿನಲ್ಲಿ ಉಳಿಯುವ ಐಸೊಟೋಪ್‌ಗಳನ್ನು ಸೋಸಿ ತೆಗೆಯುವ ಕೆಲಸ ಹಮ್ಮಿಕೊಂಡಿದ್ದಾರೆ. ರೇಡಿಯಂ-225 ಅಲ್ಲಿಂದ ಸಾಕಷ್ಟು ಸಿಕ್ಕರೆ, ಬಲೆ ಹಿಡಿದು ಕೂತವರ ಕೆಲಸಕ್ಕೆ ವೇಗ ಬರುತ್ತೆ.